ಅನ್ಸೆಲ್ಮೊನ ಹೆಸರಿನ ವಾಕಿಟಾಕಿ

ನನ್ನ ಮಗ ಹೋದ ಸುದ್ದಿ ಬಂದ ದಿನ ನಾನು ಬೇರೊಬ್ಬರ ಮನೆಯಲ್ಲಿ ಬೇರೊಬ್ಬರ ಆತ್ಮಕ್ಕಾಗಿ ಜಪ ಹೇಳಿಸುತ್ತಿದ್ದೆ. ನನ್ನ ಕೆಲಸವೇ ಅದು. ದಿವಿಸೋರಿಯಾ ಮಾರುಕಟ್ಟೆಯ ಹಿಂದಿನ ನಮ್ಮ ಓಣಿಗಳಲ್ಲಿ ಸಾವಾದರೆ ಒಂಬತ್ತು ದಿನದ ಪ್ರಾರ್ಥನೆಗೆ ಅಲಿಂಗ್ ಪುರಿಂಗ್, ಅಂದರೆ ಪುರಿಂಗಮ್ಮ ಎಂದು ಎಲ್ಲರೂ ಕರೆಯುವ ನಾನು, ಬರಬೇಕು. ನಾನು ಮೊದಲ ಅರ್ಧ ಹೇಳುತ್ತೇನೆ, ಸೇರಿದವರು ಉಳಿದರ್ಧ ಹೇಳುತ್ತಾರೆ. ಉತ್ತರ ಕುಗ್ಗಿದರೆ ತಲೆಯೆತ್ತಿ ನೋಡುತ್ತೇನೆ; ಯಾರೋ ತೂಕಡಿಸುತ್ತಿರುತ್ತಾರೆ, ಇಲ್ಲವೇ ಯಾರೋ ಅಳು ನುಂಗುತ್ತಿರುತ್ತಾರೆ. ನನ್ನ ತಾಯಿಯ ಕಾಲದಿಂದ ಬಂದ ಕಟ್ಟಳೆ ಒಂದಿದೆ: ಹಿಡಿದ ಜಪವನ್ನು ನಡುವೆ ಬಿಡಬಾರದು. ಬಿಟ್ಟರೆ ಸತ್ತವರ ಆತ್ಮ ಹೊಸ್ತಿಲಲ್ಲೇ ನಿಲ್ಲುತ್ತದೆ ಎನ್ನುತ್ತಿದ್ದಳು.

ಅಂದು ಮಧ್ಯಾಹ್ನ ಒಣಮೀನು ಮಾರಿಕೊಂಡಿದ್ದು ತೀರಿಹೋದ ಮುದುಕಿಯೊಬ್ಬಳ ಮನೆಯಲ್ಲಿದ್ದೆ. ನಮ್ಮ ಓಣಿಯ ಸ್ವಯಂಸೇವಕ ಅಗ್ನಿಶಾಮಕ ದಳದ ಕ್ಯಾಪ್ಟನ್ ಚುವಾ ಬಾಗಿಲಿಗೆ ಬಂದು ನಿಂತ. ಹೆಲ್ಮೆಟ್ ಕಂಕುಳಲ್ಲಿತ್ತು. ಬೂಟಿನಿಂದ ಕಪ್ಪು ನೀರು ಇಳಿಯುತ್ತಿತ್ತು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಮೇಣದಬತ್ತಿಯ ವಾಸನೆಯನ್ನು ನುಂಗಿಬಿಟ್ಟಿತು. ಎಲ್ಲೋ ಬೆಂಕಿ ಆರಿಸಿ ಹಾಗೆಯೇ ಮುದುಕಿಯ ದರ್ಶನಕ್ಕೆ ಬಂದಿದ್ದಾನೆ, ಒಳ್ಳೆಯವನು, ಎಂದುಕೊಂಡೆ. ಕೂತುಕೋ ಎಂದು ಕಣ್ಣಲ್ಲೇ ಸನ್ನೆ ಮಾಡಿದೆ. ಅವನು ಕೂರಲಿಲ್ಲ. ತಲೆ ತಗ್ಗಿಸಿ ಉಳಿದವರೊಡನೆ ಉತ್ತರ ಹೇಳಿದ, ಕೊನೆಯ ಆಮೆನ್‌ವರೆಗೂ.

ಜಪಸರ ಮಡಿಚಿಟ್ಟು ನಾನೇ ಮಾತಾಡಿಸಿದೆ. "ಕಾಫಿ ಕುಡ್ಕೊಂಡು ಹೋಗು ಕ್ಯಾಪ್ಟನ್. ಸತ್ತ ಮನೆಗೆ ಬಂದು ಬರೀ ಬಾಯಲ್ಲಿ ಹೋಗಬಾರ್ದು."

"ಅಲಿಂಗ್ ಪುರಿಂಗ್, ಸ್ವಲ್ಪ ಹೊರಗೆ ಬನ್ನಿ."

"ಯಾಕೆ, ನಿಮ್ಮ ಠಾಣೆಗೆ ಏನಾದ್ರೂ ಆಶೀರ್ವಾದ ಮಾಡ್ಸಬೇಕಾ?"

ಅವನು ಹೆಲ್ಮೆಟ್ ಕೆಳಗಿಟ್ಟ. "ಮೆಲ್ಕೋರ್," ಎಂದ. ಮೆಲ್ಕೋರ್ ನನ್ನ ಒಬ್ಬನೇ ಮಗ, ಅವನ ದಳದಲ್ಲಿ ಸ್ವಯಂಸೇವಕ.

ಆಗ ನಾನು ಕೇಳಿದ ಮಾತು ನನಗೇ ವಿಚಿತ್ರವೆನಿಸುತ್ತದೆ. "ನೀನು ಬಂದು ಎಷ್ಟು ಹೊತ್ತಾಯ್ತು?" ಎಂದೆ.

"ನೀವು ಎರಡನೇ ರಹಸ್ಯದಲ್ಲಿದ್ರಿ."

ಒಂದು ಜಪಕ್ಕೆ ಐದು ರಹಸ್ಯ, ಒಂದೊಂದಕ್ಕೆ ಹತ್ತು ಮಣಿ. ಜಪ ಕೆಡಿಸಬಾರದೆಂದು ಮರ್ಯಾದೆಯಿಂದ ಅಷ್ಟೂ ಹೊತ್ತು ಕಾದಿದ್ದ. ಅವನ ಮೇಲೆ ಆ ಗಳಿಗೆಯಲ್ಲಿ ಸಿಟ್ಟು ಬರಲಿಲ್ಲ. ಅದು ಆಮೇಲೆ ಬಂತು, ಇನ್ನೂ ಹೋಗಿಲ್ಲ.

ಮೆಲ್ಕೋರ್ ಜನ ಸಾಗಿಸುವ ಜೀಪ್ನಿ ಬಂಡಿಗಳ ಬ್ರೇಕ್ ರಿಪೇರಿ ಮಾಡಿ ಬದುಕುತ್ತಿದ್ದ. ಸೈರನ್ ಕೇಳಿದರೆ ಕೈಯಲ್ಲಿದ್ದ ಸ್ಪ್ಯಾನರ್ ಅಲ್ಲೇ ಬಿಟ್ಟು ಓಡುತ್ತಿದ್ದ. ಗಿರಾಕಿಗಳು ಬೈದರೆ, "ನಿಮ್ಮ ಮನೆಗೆ ಬೆಂಕಿ ಬಿದ್ದಾಗ್ಲೂ ಹಿಂಗೇ ಓಡ್ತೀನಿ ಸ್ವಾಮಿ, ಆಗ ಬೈತೀರೇನು?" ಎಂದು ನಗುತ್ತಿದ್ದ. ಅಂದು ಅವನು ಓಡಿದ್ದು ಪ್ಲಾಸ್ಟಿಕ್ ಚಪ್ಪಲಿಗಳ ಗೋದಾಮಿಗೆ. ಎರಡನೆಯ ಮಹಡಿಯಲ್ಲಿ ಹೊಗೆಯೊಳಗೆ ಸಿಕ್ಕಿಕೊಂಡ. ಜೊತೆಗಿದ್ದವನು ನೀರಿನ ಪೈಪು ಎಳೆದು ತರಲು ಕೆಳಗೆ ಇಳಿದಿದ್ದ. ಅಷ್ಟರಲ್ಲಿ ಮೆಟ್ಟಿಲು ಕುಸಿಯಿತು. ಇಷ್ಟನ್ನು ಕ್ಯಾಪ್ಟನ್ ಹೇಳಿದ. ಉಳಿದದ್ದನ್ನು ಹೇಳಿದ್ದು ನೆನಿತಾ.

ನೆನಿತಾ ದಳದ ಕಂಟ್ರೋಲ್ ರೂಮಿನಲ್ಲಿ ಮೈಕಿನ ಮುಂದೆ ಕೂರುವ ಹೆಂಗಸು. ಶವಪೆಟ್ಟಿಗೆ ನಮ್ಮ ಮನೆಯ ಮುಂಗೋಣೆಯಲ್ಲಿತ್ತು. ಮುಖ ನೋಡುವಂತಿರಲಿಲ್ಲವಾದ್ದರಿಂದ ಮುಚ್ಚಳ ಹಾಕಿ, ಮೇಲೆ ಅವನ ಫೋಟೋ ಇಟ್ಟಿದ್ದರು. ಬಂದವರು ಬಿಸ್ಕತ್ತು, ಶುಂಠಿ ಕಷಾಯ ಹಿಡಿದು ಅಂಗಳದಲ್ಲಿ ಇಸ್ಪೀಟು ಆಡುತ್ತಿದ್ದರು, ಸತ್ತವನು ಒಂಟಿಯಾಗಬಾರದೆಂದು. ನೆನಿತಾ ಮಾತ್ರ ಅಡುಗೆಮನೆಗೆ ಬಂದು ನನ್ನ ಕಾಲ ಬಳಿ ನೆಲದಲ್ಲಿ ಕುಳಿತಳು.

"ಅಲಿಂಗ್ ಪುರಿಂಗ್, ಅವನು ಕರೆದಿದ್ದ."

"ಯಾರನ್ನ?"

"ನನ್ನನ್ನ. ವಾಕಿಟಾಕಿ ಮೇಲೆ ಕಿತ್ತಳೆ ಬಣ್ಣದ ಗುಂಡಿ ಇರುತ್ತೆ. ಜೀವಕ್ಕೆ ಕುತ್ತು ಬಂದ್ರೆ ಒತ್ತೋದು. ಒತ್ತಿದ್ರೆ ನನ್ನ ಮುಂದಿನ ಪರದೆ ಮೇಲೆ ಅವರ ಹೆಸರು ಕೆಂಪಾಗುತ್ತೆ, ಕೀಂ ಕೀಂ ಅನ್ನುತ್ತೆ. ಅದು ಕೆಂಪಾಯ್ತು."

"ಮತ್ತೆ?"

"ಹೆಸರು ಅವನದಲ್ಲ. ಕುಯಾ ಅನ್ಸೆಲ್ಮೊಂದು."

ಅನ್ಸೆಲ್ಮೊ ದಳದ ಹಿರಿಯ. ಎಲ್ಲರೂ ಅವನನ್ನು ಕುಯಾ ಎನ್ನುತ್ತಾರೆ, ಅಣ್ಣ ಎಂದಂತೆ. ಅಂದು ಅವನು ಕಾಲುಬೇನೆಯಿಂದ ಮನೆಯಲ್ಲಿದ್ದ. ಅದು ನೆನಿತಾಗೆ ಗೊತ್ತಿತ್ತು. ಆದರೂ ಸುಮ್ಮನಿರದೆ ಫೋನ್ ಮಾಡಿದಳು.

"'ಕುಯಾ, ಎಲ್ಲಿದ್ದೀರಾ?' ಅಂದೆ. 'ಎಲ್ಲಿರ್ತೀನಿ, ಮನೇಲಿ. ಹುಳಿಸಾರು ಉಣ್ತಾ ಇದ್ದೀನಿ, ನಿನಗೂ ಬೇಕಾ?' ಅಂದ್ರು. ನನಗೆ ನಗು ಬಂತು ಅಲಿಂಗ್ ಪುರಿಂಗ್. ನಕ್ಕುಬಿಟ್ಟೆ. 'ನಿಮ್ಮ ಸೆಟ್ಟು ಯಾರ ಜೇಬಲ್ಲೋ ಒತ್ಕೊಂಡು ಕಿರುಚ್ತಾ ಇದೆ' ಅಂತ ಹೇಳಿ ಸದ್ದು ನಿಲ್ಲಿಸಿದೆ. ಅದು ಮತ್ತೆ ಕೂಗ್ತು. ಮತ್ತೆ ನಿಲ್ಲಿಸಿದೆ."

"ಬಾಯಿ ಬಿಟ್ಟು ಕರೀಲಿಲ್ವೇ ಅವನು?"

"ಕರೆಯೋಕೆ ಜಾಗ ಎಲ್ಲಿತ್ತು? ಆಗ ತಾನೇ ಬೇರೆ ಓಣಿಗಳ ದಳದವರು ಒಬ್ಬೊಬ್ಬರೇ ಬಂದು, ನಾವು ಬಂದ್ವಿ, ನಾವು ಬಂದ್ವಿ, ನಮ್ಮದೇ ಮೊದಲ ನೀರು ಅಂತ ಪೈಪೋಟಿ ಮೇಲೆ ಒಂದೇ ಸಮ ಕೂಗ್ತಾ ಇದ್ರು. ಒಬ್ಬರು ಮಾತಾಡ್ತಾ ಇರೋವಾಗ ಇನ್ನೊಬ್ಬರ ದನಿ ಬರಲ್ಲ. ಗುಂಡಿ ಒತ್ತಿದ್ದು ಮಾತ್ರ ಸಂದೀಲಿ ನುಸುಳ್ಕೊಂಡು ಬಂದಿತ್ತು."

ನಾನು ಅವಳ ತಲೆ ಸವರಿದೆ. ಬೈಯಲು ಕಾರಣವಿರಲಿಲ್ಲ. ಅವಳು ಪರದೆಯನ್ನು ನಂಬಿದ್ದಳು. ನಂಬಲಿ ಎಂದೇ ಅದನ್ನು ತಂದಿಟ್ಟದ್ದು. ಯಾರು ಎಲ್ಲಿದ್ದಾರೆ, ಯಾರು ಕೂಗಿದರು ಎಂದು ಅದು ತೋರಿಸುತ್ತದೆ, ಇನ್ನು ನಮ್ಮವರಲ್ಲಿ ಒಬ್ಬನೂ ಹೊಗೆಯಲ್ಲಿ ಕಳೆದುಹೋಗುವುದಿಲ್ಲ ಎಂದು ಅದನ್ನು ತಂದ ದಿನ ಕ್ಯಾಪ್ಟನ್ ಚರ್ಚಿನ ಅಂಗಳದಲ್ಲೇ ಹೇಳಿದ್ದ. ಒಬ್ಬೊಬ್ಬರ ಹೆಸರಿಗೂ ಒಂದೊಂದು ವಾಕಿಟಾಕಿ ಬರೆಸಿದ್ದರು. ಯಂತ್ರ ತನ್ನ ಕೆಲಸವನ್ನು ತಪ್ಪದೆ ಮಾಡಿತ್ತು.

ತಪ್ಪಿದ್ದು ಗೋಡೆಯ ಮೇಲಿನ ಹಲಗೆಯಲ್ಲಿ. ವಾಕಿಟಾಕಿಗಳೆಲ್ಲ ಅಲ್ಲಿ ಚಾರ್ಜರಿನಲ್ಲಿ ಸಾಲಾಗಿ ನಿಂತಿರುತ್ತವೆ. ಸೈರನ್ ಆದಾಗ ಮೊದಲು ಬಂದವನು ಹಸಿರು ದೀಪ ಕಂಡದ್ದನ್ನು ಕಿತ್ತುಕೊಂಡು ಲಾರಿಗೆ ಹಾರುತ್ತಾನೆ. ತನ್ನ ಹೆಸರಿನದನ್ನು ಹುಡುಕುತ್ತ ನಿಂತವನಿಗೆ ಲಾರಿ ತಪ್ಪುತ್ತದೆ, ಆಮೇಲೆ ವಾರವಿಡೀ ಗೇಲಿ. ಬಾವಿಯ ಕೊಡದ ಹಾಗೆ ಯಾರ ಕೈಗೆ ಯಾವುದೋ. ಅಂದು ಮೆಲ್ಕೋರನ ಕೈಗೆ ಅನ್ಸೆಲ್ಮೊನದು ಬಂದಿತ್ತು. ನಮ್ಮ ಜನಕ್ಕೆ ಅದರಲ್ಲಿ ತಪ್ಪು ಕಾಣಲಿಲ್ಲ. ಹಂಚಿಕೊಂಡು ಬಳಸುವುದು ಒಳ್ಳೆಯ ಗುಣವಲ್ಲವೇ?

ಎರಡನೆಯ ದಿನ ಅನ್ಸೆಲ್ಮೊ ಕುಂಟುತ್ತ ಬಂದ. ಪೆಟ್ಟಿಗೆಯ ಮುಂದೆ ಶಿಲುಬೆಯ ಗುರುತು ಮಾಡಿಕೊಂಡು ನನ್ನ ಕಡೆಗೆ ನೋಡದೆ ನಿಂತ.

"ನಾನು ಉಣ್ತಾ ಇದ್ದೆ ಅಲಿಂಗ್ ಪುರಿಂಗ್," ಎಂದ.

"ಹೊತ್ತಿಗೆ ಉಣ್ಣೋದು ಪಾಪ ಅಲ್ಲ ಸೆಲ್ಮೊ."

"ನನ್ನ ಹೆಸರು ಹಿಡ್ಕೊಂಡು ಹೋದ ಅವನು."

"ಹೆಸರು ವಾಪಸ್ ತಗೊಳ್ಳೋಕೆ ಬಂದ್ಯಾ?" ಎಂದೆ. ಕಟುವಾಗಿತ್ತು ಮಾತು. ಅವನು ಮುದುಕ, ಅಳುತ್ತಿದ್ದ. ಆದರೂ ಹಿಂತೆಗೆದುಕೊಳ್ಳಲಿಲ್ಲ.

ಸಮಾಧಾನ ಹೇಳಲು ಬಂದವರಿಗೆ ಕೊರತೆಯಿರಲಿಲ್ಲ. ಎಲ್ಲರ ಬಾಯಲ್ಲೂ ಒಂದೇ ಮಾತು: ದೇವರ ಚಿತ್ತ. ನಾನು ಎಷ್ಟೋ ಮನೆಗಳಲ್ಲಿ ಆ ಮಾತನ್ನು ಹೇಳಿದವಳು, ನಂಬಿಯೇ ಹೇಳಿದವಳು. ಈಗಲೂ ನಂಬುತ್ತೇನೆ. ಆದರೆ ಹಲಗೆಯಿಂದ ವಾಕಿಟಾಕಿ ಕಿತ್ತುಕೊಂಡದ್ದು ದೇವರ ಕೈಯಲ್ಲ. ನೆಲದ ಮೇಲೆ ನಾವೇ ಚೆಲ್ಲಿದ್ದನ್ನು ಒರೆಸಲು ದೇವರ ಚಿತ್ತವನ್ನು ಬಟ್ಟೆಯಂತೆ ಬಳಸುತ್ತಾರಲ್ಲ, ಅದನ್ನು ಕೇಳಿ ಕೇಳಿ ನನಗೆ ಸಾಕಾಯಿತು.

ಒಂಬತ್ತನೆಯ ದಿನದ ಜಪ ಮುಗಿದ ಮೇಲೆ ಠಾಣೆಗೆ ಹೋದೆ. ದಳದವರು ಸಭೆ ಸೇರಿದ್ದರು. ಗೋಡೆಯಲ್ಲಿ ಬೆಂಕಿಯವರ ಸಂತ ಫ್ಲೋರಿಯನ್ ಬಿಂದಿಗೆಯಿಂದ ನೀರು ಸುರಿಯುತ್ತಿರುವ ಪಟ, ಅದರ ಕೆಳಗೆ ಅದೇ ಹಲಗೆ, ಸಾಲಾಗಿ ಹಸಿರು ದೀಪಗಳು. ನನಗೆ ಕುರ್ಚಿ ಕೊಟ್ಟರು, ತಂಪು ಪಾನೀಯ ಕೊಟ್ಟರು.

ಕ್ಯಾಪ್ಟನ್ ಹೇಳಿದ, "ಅಲಿಂಗ್ ಪುರಿಂಗ್, ನಾವು ತೀರ್ಮಾನ ಮಾಡಿದ್ದೀವಿ. ಹೊಸ ಲಾರಿ ಬರ್ತಾ ಇದೆ. ಅದರ ಬಾಗಿಲ ಮೇಲೆ ಮೆಲ್ಕೋರ್ ಹೆಸರು ಬರೆಸ್ತೀವಿ. ಬಂಗಾರದ ಬಣ್ಣದಲ್ಲಿ."

"ಲಾರಿ ಮೇಲೆ ಬರೆಯೋ ಹೆಸರನ್ನ ಅವತ್ತು ಪರದೆ ಮೇಲೆ ತೋರಿಸಿದ್ರೆ ಸಾಕಿತ್ತು," ಎಂದೆ.

 

"ಪರದೆನೂ ಹೊಸದು ಬರುತ್ತೆ," ಎಂದ ಕ್ಯಾಪ್ಟನ್. "ಇದಕ್ಕಿಂತ ದೊಡ್ಡದು. ಒಬ್ಬ ದಾನಿ ಒಪ್ಪಿದ್ದಾರೆ. ಮನುಷ್ಯ ಅಲ್ಲಾಡದೆ ಬಿದ್ದಿದ್ರೆ ತಾನೇ ಕೂಗುತ್ತಂತೆ."

"ಯಾರ ಹೆಸರು ಹಿಡ್ಕೊಂಡು ಕೂಗುತ್ತೆ?"

ಅವನು ಹಣೆ ಒತ್ತಿಕೊಂಡ. ನಾನು ಕೇಳಲು ಬಂದದ್ದು ಒಂದೇ ಮಾತು, ಅದನ್ನು ಕೇಳಿದೆ. "ನನಗೆ ಲಾರಿ ಬೇಡ, ಬಂಗಾರದ ಬಣ್ಣ ಬೇಡ. ಲಾರಿ ಹತ್ತಿದ ಮೇಲೆ ಒಬ್ಬೊಬ್ಬನೂ ವಾಕಿಟಾಕೀಲಿ ತನ್ನ ಹೆಸರು ಹೇಳ್ಲಿ. ಯಾರ ಕೈಲಿ ಯಾವುದಿದೆ ಅಂತ ನೆನಿತಾಗೆ ಗೊತ್ತಾಗ್ಲಿ. ಬೆಂಕಿ ಇರೋವರೆಗೂ ಅವಳು ಆಗಾಗ ಹೆಸರು ಹಿಡಿದು ಕರೀಲಿ. ಉತ್ತರ ಬರದೇ ಇದ್ರೆ ಬಾಕಿಯವರು ಬಾಯಿ ಮುಚ್ಕೊಂಡು ಅವನನ್ನ ಹುಡುಕ್ಲಿ. ಇಷ್ಟೇ. ಜಪ ಹೇಳ್ಸೋವಾಗ ನಾನು ಮಾಡೋದೂ ಇದೇ."

ರುಫಿನೊ ಎಂಬುವನು, ಲಾರಿ ಓಡಿಸುವವನು, ಗೋಡೆಗೆ ಒರಗಿ ನಿಂತಿದ್ದ. "ಅಲಿಂಗ್ ಪುರಿಂಗ್, ಬೇಜಾರು ಮಾಡ್ಕೋಬೇಡಿ. ನಾವು ಹೆಸರು ಒಪ್ಪಿಸ್ತಾ ಕೂತ್ರೆ ಪಕ್ಕದ ಓಣಿಯವರು ನೀರು ಹೊಡೆದು, ಫೋಟೋ ತೆಗೆಸ್ಕೊಂಡು, ಮನೆಗೆ ಹೋಗಿ ಸ್ನಾನ ಮಾಡಿರ್ತಾರೆ."

ಒಂದಿಬ್ಬರು ನಕ್ಕರು.

"ಹೊಡೀಲಿ ಬಿಡು," ಎಂದೆ. "ಅವರು ಹೊಡೆದ ನೀರಿಗೆ ಬೆಂಕಿ ಆರಲ್ವಾ? ಅಥವಾ ನಿಮ್ಮ ನೀರೇ ಬೇಕು ಅಂತ ಹಟ ಹಿಡಿಯುತ್ತಾ ಬೆಂಕಿ?"

ಈ ಸಲ ನಗು ಬೇರೆ ಕಡೆಯಿಂದ ಬಂತು. ರುಫಿನೊ ಕೆಂಪಾದ. ಕ್ಯಾಪ್ಟನ್ ಎದ್ದು ನನ್ನ ಕೈ ಹಿಡಿದುಕೊಂಡ. ಮೃದು ಮನುಷ್ಯ ಅವನು, ಅದೇ ಕಷ್ಟ. ಗೋಡೆಯಾಗಿದ್ದರೆ ತಲೆ ಚಚ್ಚಿಕೊಳ್ಳಬಹುದಿತ್ತು, ಅವನು ದಿಂಬು. "ಖಂಡಿತ ಯೋಚನೆ ಮಾಡ್ತೀವಿ. ನೀವು ಈಗ ದುಃಖದಲ್ಲಿದ್ದೀರಿ. ವಿಶ್ರಾಂತಿ ತಗೊಳ್ಳಿ. ಎಲ್ಲಾ ದೇವರ ಚಿತ್ತ."

ಆಮೇಲೆ ನಾನು ಹೋದಾಗಲೆಲ್ಲ ಒಂದೊಂದು ಉತ್ತರ. ಮುಂದಿನ ಸಭೆಯಲ್ಲಿ ನೋಡೋಣ. ಬೇರೆ ದಳದವರನ್ನೂ ಕೇಳಬೇಕು. ಹೊಸ ಪರದೆ ಬರಲಿ, ಒಟ್ಟಿಗೆ ಮಾಡೋಣ. ಮಾರುಕಟ್ಟೆಯಲ್ಲಿ ಎದುರಾದರೆ ರುಫಿನೊ ದೂರದಿಂದಲೇ, "ಅಲಿಂಗ್ ಪುರಿಂಗ್, ಇದು ರುಫಿನೊ, ಬದನೆಕಾಯಿ ಕೊಳ್ತಾ ಇದ್ದೀನಿ, ಜೀವಂತವಾಗಿದ್ದೀನಿ!" ಎಂದು ಕೂಗುತ್ತಿದ್ದ. ಕೆಟ್ಟವನಲ್ಲ. ನನ್ನ ಮಗನ ಪೆಟ್ಟಿಗೆಗೆ ಹೆಗಲು ಕೊಟ್ಟವನು. ಆದರೂ ಆ ಕೂಗು ಕೇಳಿದಾಗ ಕೈಲಿದ್ದ ತರಕಾರಿ ಎಸೆಯಬೇಕೆನಿಸುತ್ತಿತ್ತು.

ನಲವತ್ತನೆಯ ದಿನಕ್ಕೆ ಆತ್ಮ ಭೂಮಿಯ ತಿರುಗಾಟ ಮುಗಿಸಿ ಮೇಲಕ್ಕೆ ಹೊರಡುತ್ತದೆ. ಅಂದು ಬೆಳಿಗ್ಗೆ ಚರ್ಚಿನಲ್ಲಿ ಅವನ ಹೆಸರಿನಲ್ಲಿ ಬಲಿಪೂಜೆಯಾಯಿತು. ಊಟ, ಜಪ ನಮ್ಮ ಠಾಣೆಯಲ್ಲೇ ಆಗಲಿ ಎಂದು ಕ್ಯಾಪ್ಟನ್ ಒತ್ತಾಯ ಮಾಡಿದ್ದ. ಹೊಸ ಪರದೆಯೂ ಬಂದಿತ್ತು. ಫಾದರ್ ಅದಕ್ಕೂ ತೀರ್ಥ ಚಿಮುಕಿಸಿ ಹೋದರು. ಗೋಡೆಯಗಲದ ಪರದೆ, ಅಂಚಿಗೆ ಕೆಂಪು ರಿಬ್ಬನ್, ಕೆಳಗೆ ದಾನಿಯ ಹೆಸರಿನ ಫಲಕ. ಎಲ್ಲರ ಹೆಸರುಗಳೂ ಸಾಲಾಗಿ ಮೂಡಿದ್ದವು. ಮೆಲ್ಕೋರನ ಹೆಸರೂ ಇತ್ತು. ತೆಗೆಯಲು ಯಾರಿಗೂ ಕೈ ಬಂದಿರಲಿಲ್ಲ. ಅವನ ವಾಕಿಟಾಕಿಯೂ ಹಲಗೆಯಲ್ಲಿ ಹಸಿರು ದೀಪ ಹೊತ್ತು ನಿಂತಿತ್ತು.

ಜನ ತಟ್ಟೆಯಲ್ಲಿ ಶಾವಿಗೆ ಹಾಕಿಸಿಕೊಂಡು ಕುಳಿತರು. ನಾನು ಮಗನ ಫೋಟೋದ ಮುಂದೆ ಮೇಣದಬತ್ತಿ ಹಚ್ಚಿ ಜಪ ಹಿಡಿದೆ. ಮೂರನೆಯ ರಹಸ್ಯಕ್ಕೆ ಬಂದಿದ್ದೆ. ಸೈರನ್ ಕೂಗಿತು.

ಮರದ ಕೆಲಸದ ಅಂಗಡಿಗಳ ಓಣಿಯಲ್ಲಿ ಬೆಂಕಿ. ತಟ್ಟೆಗಳು ನೆಲಕ್ಕೆ ಬಂದವು, ಕುರ್ಚಿಗಳು ಉರುಳಿದವು. ಒಬ್ಬರ ಮೇಲೊಬ್ಬರು ಬಿದ್ದು ಹಲಗೆಯಿಂದ ಕೈಗೆ ಸಿಕ್ಕಿದ್ದನ್ನು ಕಿತ್ತುಕೊಂಡು ಓಡಿದರು. ನನ್ನ ಕಣ್ಣೆದುರಿಗೆ, ನನ್ನ ಮಗನ ಫೋಟೋದ ಎದುರಿಗೆ. ಮೆಲ್ಕೋರನದೊಂದನ್ನು ಬಿಟ್ಟು ಎಲ್ಲವೂ ಹೋದವು. ಲಾರಿ ಹೊರಟಿತು.

ಹೆಂಗಸರು ಅಲ್ಲೇ ಕುಳಿತಿದ್ದರು. ಜಪ ಮುಂದುವರಿಸಿದೆ. ನಾನು ಅರ್ಧ ಹೇಳಿದೆ, ಅವರು ಅರ್ಧ ಹೇಳಿದರು. ಅಷ್ಟರಲ್ಲಿ ಪರದೆಯ ಮೇಲೆ ಒಂದು ಹೆಸರು ಹಸಿರಾಗಿ ಮಿನುಗಿತು, ಯಾರೋ ಮಾತಾಡುತ್ತಿದ್ದಾರೆ ಎಂದು. ಅನ್ಸೆಲ್ಮೊ.

ಅನ್ಸೆಲ್ಮೊ ನನ್ನ ಪಕ್ಕದಲ್ಲೇ ಶಾವಿಗೆಯ ತಟ್ಟೆ ಹಿಡಿದು ಕುಳಿತಿದ್ದ. ಅವನ ಕಾಲು ಇನ್ನೂ ವಾಸಿಯಾಗಿರಲಿಲ್ಲ. ಪರದೆ ನೋಡಿದ, ನನ್ನನ್ನು ನೋಡಿದ. ಬಾಯಿಗೆ ಹೋಗುತ್ತಿದ್ದ ಫೋರ್ಕು ನಡುವೆಯೇ ನಿಂತಿತು.

"ಮತ್ತೆ ನಾನೇ," ಎಂದ, ಮಗುವಿನ ಹಾಗೆ.

ಹಿಡಿದ ಜಪವನ್ನು ನಡುವೆ ಬಿಡಬಾರದು. ನಾನು ಬಿಟ್ಟೆ. ಜಪಸರವನ್ನು ಫೋಟೋದ ಮುಂದಿಟ್ಟು ಎದ್ದು ಕಂಟ್ರೋಲ್ ಮೇಜಿಗೆ ಹೋದೆ. ನೆನಿತಾ ತಡೆಯಲಿಲ್ಲ, ಮೈಕನ್ನು ತಾನೇ ನನ್ನ ಕಡೆ ತಿರುಗಿಸಿ, ಯಾವ ಗುಂಡಿ ಒತ್ತಬೇಕೆಂದು ತೋರಿಸಿದಳು.

"ಅನ್ಸೆಲ್ಮೊನ ವಾಕಿಟಾಕಿ ಯಾರ ಕೈಲಿದೆ?" ಎಂದೆ. "ಅವನು ಇಲ್ಲಿ ಕೂತು ಶಾವಿಗೆ ತಿಂತಾ ಇದ್ದಾನೆ. ಅವನ ಹೆಸರಲ್ಲಿ ಓಡ್ತಾ ಇರೋನು ಯಾರು?"

ಗರಗರ ಸದ್ದು. ಆಮೇಲೆ ಒಂದು ದನಿ, "ಕಂಟ್ರೋಲ್, ಯಾರದು ಮಾತಾಡ್ತಿರೋದು?"

"ಮೆಲ್ಕೋರನ ತಾಯಿ."

ಕ್ಯಾಪ್ಟನ್ ದನಿ ಬಂತು. "ಅಲಿಂಗ್ ಪುರಿಂಗ್, ದಯವಿಟ್ಟು ಲೈನ್ ಬಿಡಿ. ಕೆಲಸ ನಡೀತಾ ಇದೆ."

"ಇದೂ ಕೆಲಸವೇ. ಹೆಸರು ಹೇಳಿ, ಬಿಡ್ತೀನಿ."

"ನೆನಿತಾ! ಮೈಕು ಇಸ್ಕೋ!"

ನೆನಿತಾ ಕೈಕಟ್ಟಿ ಕುಳಿತಳು. ನಾನು ಮತ್ತೆ ಕೇಳಿದೆ. ನನ್ನ ದನಿ ನಡುಗಲಿಲ್ಲ; ಸಾವಿನ ಮನೆಗಳಲ್ಲಿ ಪಳಗಿದ ದನಿ ಅದು. ಉತ್ತರ ಬರುವವರೆಗೆ ಮುಂದಿನ ಮಣಿಗೆ ಹೋಗದ ಅಭ್ಯಾಸ ನನ್ನದು. ಮೂರನೆಯ ಸಲ ಕೇಳಿದಾಗ ಅನ್ಸೆಲ್ಮೊನ ಹೆಸರು ಮಿನುಗಿತು.

"ಇದು ರುಫಿನೊ," ಎಂದಿತು ದನಿ. ಈ ಸಲ ಗೇಲಿಯಿರಲಿಲ್ಲ. ಹಿಂದೆ ಪಂಪಿನ ಅಬ್ಬರ. "ಲಾರಿ ಹತ್ರ ಇದ್ದೀನಿ, ಅಲಿಂಗ್ ಪುರಿಂಗ್."

ನೆನಿತಾ ಪ್ಲಾಸ್ಟರ್ ಪಟ್ಟಿಯ ಚೂರೊಂದನ್ನು ಕತ್ತರಿಸಿ, ರುಫಿನೊ ಎಂದು ಬರೆದು, ಆ ಹೊಳೆಯುವ ಹೊಸ ಪರದೆಯ ಮೇಲೆ ಅನ್ಸೆಲ್ಮೊನ ಹೆಸರಿಗೆ ಅಡ್ಡಲಾಗಿ ಅಂಟಿಸಿದಳು. ನಾನು ಮುಂದಿನ ಹೆಸರು ಕರೆದೆ. ಅದನ್ನು ಹಿಡಿದವನು ತನ್ನ ಹೆಸರು ಹೇಳಿದ. ಅದರ ಮುಂದಿನವನೂ ಹೇಳಿದ. ಒಬ್ಬ ಬೈದುಕೊಂಡೇ ಹೇಳಿದ. ಇನ್ನೊಬ್ಬ, "ಇಲ್ಲೇ ಇದ್ದೀನಿ ನಾನಾಯ್," ಎಂದ. ನಾನಾಯ್ ಎಂದರೆ ಅಮ್ಮ; ಮೆಲ್ಕೋರ್ ನನ್ನನ್ನು ಹಾಗೆ ಕರೆಯುತ್ತಿದ್ದ. ನಾನು ಮುಂದಿನ ಹೆಸರಿಗೆ ಹೋದೆ. ಕೊನೆಗೆ ಕ್ಯಾಪ್ಟನ್ ಕೂಡ, ಹಲ್ಲು ಕಚ್ಚಿಕೊಂಡು, ತನ್ನ ಹೆಸರು ಹೇಳಿದ. ಅವನ ಕೈಯಲ್ಲೂ ಬೇರೆಯವರದೇ ಇತ್ತು.

ಬೆಂಕಿ ಆರುವವರೆಗೂ ಆಗಾಗ ಕರೆದೆ. ಪ್ರತಿ ಸಲವೂ ಎಲ್ಲರೂ ಉತ್ತರ ಕೊಟ್ಟರು.

ಮಸಿ ಮೆತ್ತಿಕೊಂಡು ಎಲ್ಲರೂ ಹಿಂದಿರುಗಿದರು. ಕ್ಯಾಪ್ಟನ್ ನೇರವಾಗಿ ಪರದೆಯ ಮುಂದೆ ಬಂದು ನಿಂತ, ಪ್ಲಾಸ್ಟರ್ ಪಟ್ಟಿಗಳನ್ನು ನೋಡಿದ.

"ದಾನಿ ನೋಡಿದ್ರೆ ಏನಂತಾರೆ?" ಎಂದ.

"ನೀನು ಏನಂತೀಯ?"

"ಮುಂದಿನ ಸಭೆಯಲ್ಲಿ ನೋಡೋಣ, ಅಲಿಂಗ್ ಪುರಿಂಗ್."

ಇಷ್ಟಾದ ಮೇಲೂ ಸಭೆಯಂತೆ! ಉತ್ತರ ಕೊಡಲು ಬಾಯಿ ತೆರೆದೆ. ಅಷ್ಟರಲ್ಲಿ ರುಫಿನೊ ಹಲಗೆಯ ಬಳಿ ಹೋಗಿ ವಾಕಿಟಾಕಿಯನ್ನು ಅದರ ಜಾಗದಲ್ಲಿಟ್ಟು, ನೆನಿತಾ ಕಡೆ ತಿರುಗಿ, "ಅನ್ಸೆಲ್ಮೊಂದು, ರುಫಿನೊ ವಾಪಸ್ ಇಟ್ಟ," ಎಂದ. ಅವನ ಹಿಂದಿದ್ದವನು ತನ್ನ ಹೆಸರು ಹೇಳಿ ಇಟ್ಟ. ಆಮೇಲಿನವನು ಹೇಳದೆಯೇ ಇಟ್ಟು ಶಾವಿಗೆ ಹುಡುಕಲು ಹೋದ. ಹೀಗೇ, ಒಬ್ಬ ಹೇಳಿದ, ಒಬ್ಬ ಬಿಟ್ಟ. ಇದನ್ನು ಗೆಲುವೆನ್ನಲು ನನಗೆ ಮನಸ್ಸು ಬರುವುದಿಲ್ಲ. ಕ್ಯಾಪ್ಟನ್ ಪಟ್ಟಿಗಳನ್ನು ಕೀಳಲಿಲ್ಲ, ಅಷ್ಟು ಮಾತ್ರ ಹೇಳಬಲ್ಲೆ. ಮುಂದಿನ ಸಭೆಗೂ ಹೋಗುತ್ತೇನೆ, ಅದರಾಚೆಯದಕ್ಕೂ ಹೋಗುತ್ತೇನೆ. ಕಾಲಿರುವವರೆಗೆ ಹೋಗಿ ಅವರ ತಲೆ ತಿನ್ನುತ್ತೇನೆ.

ಫೋಟೋದ ಮುಂದಿನ ಮೇಣದಬತ್ತಿ ಆರಿಹೋಗಿತ್ತು. ಅನ್ಸೆಲ್ಮೊ ಎದ್ದು ಮತ್ತೆ ಹಚ್ಚಿದ. ಬಿಟ್ಟುಹೋದ ಜಪವನ್ನು ಎತ್ತಿಕೊಳ್ಳಬೇಕಿತ್ತು. ಮಗ ಹೊಸ್ತಿಲಲ್ಲಿ ನಿಂತಿದ್ದ. ಜಪಸರದಲ್ಲಿ ನಾನು ಬಿಟ್ಟ ಮಣಿಯನ್ನು ಹುಡುಕಿದೆ. ಒದ್ದೆ ಬೂಟಿನ ಗಂಡಸರು ಹೆಲ್ಮೆಟ್ ತೆಗೆದು ಸುತ್ತ ನಿಂತು ಉತ್ತರ ಕೊಟ್ಟರು.

ಕರ್ತನೇ, ನಿನ್ನ ಸೇವಕ ಮೆಲ್ಕೋರ್ ಹೊಗೆಯೊಳಗಿಂದ ಕರೆದಾಗ ನಾವು ಅವನನ್ನು ಬೇರೊಬ್ಬನೆಂದು ತಿಳಿದೆವು. ನೀನು ಹಾಗೆ ತಿಳಿಯಲಿಲ್ಲವೆಂದು ನಂಬಿದ್ದೇನೆ. ತಾಯಿ ಇಟ್ಟ ಹೆಸರಿನಿಂದಲೇ ಅವನನ್ನು ಕರೆದುಕೋ. ಅವನ ಉಸಿರಿಗೆ ತಂಪು ಗಾಳಿ ಕೊಡು, ಅವನ ಕಣ್ಣಿಗೆ ಹೊಗೆಯಿಲ್ಲದ ಬೆಳಕು ಕೊಡು, ದಣಿದ ಅವನ ಕೈಕಾಲುಗಳಿಗೆ ಮುಗಿಯದ ವಿಶ್ರಾಂತಿ ಕೊಡು. ಅವನು ಶಾಂತಿಯಲ್ಲಿರಲಿ. ಆಮೆನ್.